ಕ್ಯಾನಲ್ ದಂಡೆಗೆ ಹಾಸಿದ ಜಮಖಾನ

ಬನ್ನಿಗೇರಾದ ಚರ್ಚಿನ ಹೆಸರುಪಟ್ಟಿಯಲ್ಲಿ ಆಕೆ ಮಾರ್ಥಮ್ಮ. ಆದರೆ ಆ ಹೆಸರು ಹಿಡಿದು ಕೂಗಿದರೆ ಆಕೆಯೇ ತಿರುಗಿ ನೋಡುವುದಿಲ್ಲ. ಊರಿಗೆಲ್ಲ ಆಕೆ ಜಮಖಾನಿ ಮೋನಮ್ಮ. ಶಹಾಪುರದಿಂದ ಸುರಪುರದ ಕಡೆ ಹೊರಟ ಬಸ್ಸಿನಲ್ಲಿ ಆ ಹೆಸರು ಎತ್ತಿ ನೋಡಿ, ಕಂಡಕ್ಟರ್ ಮೊದಲು ನಗುತ್ತಾನೆ, ಆಮೇಲೆ ಟಿಕೆಟ್ ಹರಿಯುತ್ತಾನೆ. "ಆಕಿ ಹತ್ರ ಹೊಂಟೀರೇನು? ಕಾಲು ತೊಳ್ಕೊಂಡು ಹೋಗ್ರಿ" ಎಂದು ಬುದ್ಧಿ ಹೇಳುವವರೂ ಉಂಟು. ಪಾಪ, ಅವರಿಗೆ ಗೊತ್ತಿರುವುದು ಹಳೆಯ ಮೋನಮ್ಮ. ಆ ಹಳೆಯ ಮೋನಮ್ಮ ಒಂದೇ ಹೊತ್ತಿನಲ್ಲಿ ಬೇರೆ ಮನುಷ್ಯಳಾದ ಭಾನುವಾರದ ಸುದ್ದಿ ಅವರ ತನಕ ಪೂರ್ತಿ ಹೋಗಿಲ್ಲ.

ಜಮಖಾನದಿಂದಲೇ ಶುರು ಮಾಡಬೇಕು. ಬನ್ನಿಗೇರಾದ ಚರ್ಚು ದೊಡ್ಡದೇನಲ್ಲ. ಕಲ್ಲಿನ ಗೋಡೆ, ಮೇಲೆ ತಗಡು, ಕೆಳಗೆ ಫರ್ಸಿ ಕಲ್ಲಿನ ನೆಲ. ಕೂಲಿ ಮಾಡುವವರು, ಒಂದೆರಡು ಎಕರೆ ಹೊಲ ಇದ್ದವರು, ಊರ ಶಾಲೆಯ ಮಾಸ್ತರರೊಬ್ಬರು, ಇಷ್ಟೇ ಸಭೆ. ಮೊದಲೆಲ್ಲ ಗೋಣಿತಟ್ಟು ಹಾಸಿಕೊಂಡು ಕೂರುತ್ತಿದ್ದರು. ಚಳಿಗಾಲದಲ್ಲಿ ಫರ್ಸಿಯ ತಂಪು ಗೋಣಿ ದಾಟಿ ಬೆನ್ನಿಗೆ ಹತ್ತುತ್ತಿತ್ತು. ಪ್ರಸಂಗ ಉದ್ದವಾದರೆ ಮುದುಕರು ಆಮೇನ್ ಅನ್ನುವುದನ್ನು ಮುಂಚೆಯೇ ಅಂದುಬಿಡುತ್ತಿದ್ದರು.

ಒಲೆಯ ಮೇಲೆ ಎಸರಿಟ್ಟ ಕೂಡಲೇ ಒಂದು ಹಿಡಿ ಕಾಳು ತೆಗೆದು ಬೇರೆ ಗಡಿಗೆಗೆ ಹಾಕುವುದು ಆ ಸಭೆಯ ಹೆಂಗಸರ ಪದ್ಧತಿ. ಅದು ದೇವರ ಪಾಲು. ಮನೆಯಲ್ಲಿ ಎಷ್ಟೇ ತಾಪತ್ರಯ ಇರಲಿ, ಆ ಹಿಡಿ ತಪ್ಪುವಂತಿಲ್ಲ. ಮೊದಲು ಗಡಿಗೆಗೆ ಬೀಳುತ್ತಿದ್ದುದು ಜೋಳ. ನಾರಾಯಣಪುರದ ನೀರು ಕ್ಯಾನಲ್ ಹಿಡಿದು ಊರ ಬಾಗಿಲಿಗೆ ಬಂತು, ಎರೆಹೊಲಗಳು ಗದ್ದೆಯಾದವು, ಹಿಡಿ ಜೋಳ ಹೋಗಿ ಹಿಡಿ ಅಕ್ಕಿ ಆಯಿತು. ಮನೆಮನೆಗೆ ಹೋಗಿ ಆ ಗಡಿಗೆ ಬರಿದು ಮಾಡಿಸಿಕೊಂಡು ಬರುವ ಕೆಲಸ ಮೋನಮ್ಮನದು. ಅಕ್ಕಿ ಮಾರಿ ಬಂದುದನ್ನು ಕೂಡಿಡುತ್ತ ಹೋದಳು. ಕಡೆಗೆ ಶಹಾಪುರದ ಮನ್ಸೂರಅಲಿಯ ಅಂಗಡಿಗೆ ಹೋಗಿ, ಚರ್ಚಿನ ಉದ್ದಗಲದ ಅಳತೆಯ ಹಗ್ಗ ಸೊಂಟದಿಂದ ಬಿಚ್ಚಿ ಅವನ ಮುಂದೆ ಹಾಸಿ, "ಇಷ್ಟುದ್ದ, ಇಷ್ಟಗಲ. ಒಂದು ಗೇಣು ಕಡಿಮಿ ಆದ್ರೂ ಒಯ್ಯಂಗಿಲ್ಲ" ಅಂದಳು. ಮನ್ಸೂರಅಲಿ ಕಲಬುರ್ಗಿಯಿಂದ ತರಿಸಿಕೊಟ್ಟ. ಕೆಂಪು ಮೈ, ಅಂಚಿಗೆ ನೀಲಿ ಪಟ್ಟಿ, ಒಬ್ಬಾಳಿನಿಂದ ಎತ್ತಲಾಗದ ದಪ್ಪ. ಬಸ್ಸಿನ ಟಾಪಿನ ಮೇಲೆ ಅದನ್ನು ಹಾಕಿಸಿ, ಬೇಡವೆಂದರೂ ಕೇಳದೆ ತಾನೂ ಹತ್ತಿ ಅದರ ಮೇಲೆ ಕೂತು ಊರಿಗೆ ಬಂದಳು. ಅವತ್ತು ಕೂತದ್ದೇ ಕೂತದ್ದು. ಮುಂದೆ ಯಾರೂ ಕಾಲು ತೊಳೆಯದೆ ಅದರ ಮೇಲೆ ಕೂರಲಿಲ್ಲ.

ಬಾಗಿಲಲ್ಲಿ ಒಂದು ಕೊಡ ನೀರು, ಒಂದು ಚರಿಗೆ, ಪಕ್ಕಕ್ಕೆ ಮೋನಮ್ಮ. ಹಿಮ್ಮಡಿ ಎತ್ತಿ ತೋರಿಸಬೇಕು. ಬೆರಳ ಸಂದಿಯಲ್ಲಿ ಗದ್ದೆಯ ಕೆಸರು ಕಂಡರೆ ವಾಪಸ್ಸು. ಸಭೆಯ ಹಿರಿಯ ಮಹಾದೇವಪ್ಪ, ದೊಡ್ಡ ಹೊಟ್ಟೆಯ ದೊಡ್ಡ ಮನುಷ್ಯ, ಬಗ್ಗಿ ಕಾಲು ತೊಳೆಯಲು ಏದುಸಿರು ಬಿಡುತ್ತಿದ್ದ. ಆತನನ್ನೂ ಬಿಟ್ಟವಳಲ್ಲ. ಗಂಡ ತಿಮ್ಮಣ್ಣ ಒಂದು ಸಲ ನೀರು ಬರೀ ಚಿಮುಕಿಸಿಕೊಂಡು ಒಳಗೆ ನುಸುಳಿ, ಇಡೀ ಪ್ರಾರ್ಥನೆ ಹೆಂಡತಿಯ ಕಣ್ಣಿಗೆ ಹೆದರಿ ಕಾಲು ಮಡಚಿಕೊಂಡೇ ಕೂತಿದ್ದ.

ಜನ ನಗುತ್ತಿದ್ದರು, ಆದರೆ ಆಕೆಗೆ ಅದು ನಗುವ ವಿಷಯ ಆಗಿರಲಿಲ್ಲ. ಮೋನಮ್ಮ ಊರಿನ ಎಷ್ಟೋ ಹೊಸ್ತಿಲುಗಳ ಹೊರಗೆ ನಿಂತು ಬೆಳೆದವಳು. ಅವ್ವನ ಜೊತೆ ಕೂಲಿ ಜೋಳಕ್ಕೆ ಹೋದರೆ ಅಂಗಳದಲ್ಲೇ ಸೆರಗು ಒಡ್ಡಬೇಕಿತ್ತು. ಕಾಲು ಒಳಗಿಟ್ಟರೆ ಮನೆ ಹೊಲಸಾಗುತ್ತದೆ ಎಂದು ಬೈಸಿಕೊಂಡದ್ದು ಆಕೆಯ ಎದೆಯಲ್ಲಿ ಕೂತಿತ್ತು. ಹಾಗಾಗಿ, ತಮ್ಮದು ಎಂಬ ಒಂದು ಜಾಗ ಸಿಕ್ಕಾಗ, ಅದು ಊರಿನಲ್ಲೇ ಎಲ್ಲಕ್ಕಿಂತ ಚೊಕ್ಕಟವಾಗಿರಬೇಕು ಎಂಬ ಹಟ ಹಿಡಿದಳು. ಹಟ ಒಳ್ಳೆಯದೇ. ಆದರೆ ಕಾವಲು ಕಾಯುತ್ತ ಕಾಯುತ್ತ ತಾನೇ ಒಂದು ಹೊಸ್ತಿಲಾಗಿ ಅಡ್ಡ ನಿಂತದ್ದು ಆಕೆಗೆ ತಿಳಿಯಲಿಲ್ಲ.

ಕ್ಯಾನಲ್ ನೀರು ಬಂದ ಮೂರು ನಾಲ್ಕು ವರ್ಷಕ್ಕೆ, ಸಂಕ್ರಾಂತಿ ಹೊತ್ತಿಗೆ, ಬಳಿಚಕ್ರದಿಂದ ಒಂದು ಕುರಿ ಹಿಂಡು ಬಂತು. ಕುರಿಗಾರ ಅಮೋಘಸಿದ್ದ, ಅವನ ಹೆಂಡತಿ ಮಲಕಮ್ಮ. ಅವರದು ಮಳೆ ನಂಬಿದ ಸೀಮೆ. ಅಲ್ಲಿ ಮೇವು ಮುಗಿದರೆ ಭೀಮೆ ದಾಟಿ ಈ ಕಡೆ ಬರುವುದು, ಕೊಯ್ಲಾದ ಹೊಲದಲ್ಲಿ ಕುರಿ ನಿಲ್ಲಿಸುವುದು, ಹೊಲದವನಿಗೆ ಗೊಬ್ಬರ, ಕುರಿಗೆ ಮೇವು. ಈ ನೀರಾವರಿ ಊರಿಗೆ ಬಂದದ್ದು ಇದೇ ಮೊದಲು, ಚರ್ಚಿನ ಹಿಂದಿನ ಹೊಲದಲ್ಲೇ ಕುರಿ ದಡ್ಡಿ ಹಾಕಿದ್ದರು.

ಬಂದ ಮೊದಲ ಭಾನುವಾರ ಚರ್ಚಿನಿಂದ ಡೋಲಕ್ ಸದ್ದು, ಹಾಡು ಕೇಳಿ ಮಲಕಮ್ಮ ಬಾಗಿಲಿಗೆ ಬಂದಳು. ಹೆಗಲ ಮೇಲೆ ಕಂಬಳಿ, ಕಂಕುಳಲ್ಲಿ ಹುಟ್ಟಿ ಎರಡು ದಿನವಾಗದ ಮರಿ. ಮೋನಮ್ಮ ಕೈ ಅಡ್ಡ ಹಿಡಿದಳು.

"ಕಂಬಳಿ ಹೊರಗಿಡವ್ವ. ಮರಿ ಹೊರಗ ಬಿಡು. ಕಾಲು ತೊಳಿ. ಆಮ್ಯಾಲ ಬಾ."

"ಮರಿ ಬಿಟ್ರ ನಾಯಿ ಒಯ್ತಾವ ಎಕ್ಕ" ಅಂದಳು ಮಲಕಮ್ಮ.

"ಹಂಗಾರ ಹೊರಗ ನಿಂತು ಕೇಳು."

ಮಲಕಮ್ಮ ಬೇಜಾರೇನೂ ತೋರಿಸಲಿಲ್ಲ. ಬಿಸಿಲಲ್ಲಿ ನಿಂತು ಮರಿಯ ಬೆನ್ನು ಸವರುತ್ತ ಎಲ್ಲ ಹಾಡು ಕೇಳಿದಳು, ಕೇಳಿ ಹೋದಳು. ಮೋನಮ್ಮನಿಗೆ ಅದು ರಾತ್ರಿ ಊಟದ ಹೊತ್ತಿಗೇ ಮರೆತುಹೋಗಿತ್ತು.

ಮುಂದಿನ ಭಾನುವಾರ ಪ್ರಭುಭೋಜನ. ಯಾದಗಿರಿಯಿಂದ ಪಾದ್ರಿ ಅಯ್ಯನವರು ಬಂದರೆ ಮಾತ್ರ ರೊಟ್ಟಿ ಮುರಿಯುವುದು, ಅವರು ಬರುವುದೋ ಅಪರೂಪ. ಮೋನಮ್ಮ ಮೂರು ದಿನದಿಂದ ನೆಲಕ್ಕೆ ಕಾಲು ತಾಗಿಸಿರಲಿಲ್ಲ. ಜಮಖಾನ ಒದರಿ, ಬಿಸಿಲಿಗೆ ಹಾಕಿ, ಎಳೆ ಎಳೆಯಾಗಿ ಕಸ ಆರಿಸಿ ಹಾಸಿದ್ದಳು. ಅದರ ತಲೆಕಡೆಗೆ ಮೇಜು, ಮೇಜಿನ ಮೇಲೆ ಬಿಳಿ ಬಟ್ಟೆ ಮುಚ್ಚಿದ ರೊಟ್ಟಿ, ದ್ರಾಕ್ಷಾರಸದ ಬಟ್ಟಲು. ಬಿಳಿ ನಿಲುವಂಗಿ ತೊಟ್ಟ ಅಯ್ಯನವರು ಮೊಣಕಾಲೂರಿದರು. ಅವರು ಹೊಸಬರು, ವಯಸ್ಸೂ ಚಿಕ್ಕದು. ಸಭೆ ತಲೆ ತಗ್ಗಿಸಿತು. ಸೂಜಿ ಬಿದ್ದರೂ ಕೇಳುವಷ್ಟು ಮೌನ. ಮೋನಮ್ಮನಿಗೆ ಎದೆ ತುಂಬಿ ಬಂತು. ಈ ಜಮಖಾನ, ಈ ಮೌನ, ಈ ಚೊಕ್ಕಟತನ ಎಲ್ಲ ತನ್ನ ಕೈಯಿಂದ ದೇವರಿಗೆ ಹೋಗುತ್ತಿದೆ ಎಂದು ಆಕೆಗೆ ಅನ್ನಿಸಿತು, ನಿಜವಾಗಿಯೂ ಹಾಗೇ ಅನ್ನಿಸಿತು.

ಆಗ ಹೊರಗೆ ಒದರಾಟ. ಕ್ಯಾನಲ್ ದಂಡೆಯ ಕಡೆಯಿಂದ ಗಂಡಸಿನ ದನಿ, ಕುರಿಗಳ ಅರಚಾಟ. ಒಂದಿಬ್ಬರು ಗಂಡಸರು ಮೇಲೇಳಲು ಹೋದರು.

"ಯಾರೂ ಏಳಬ್ಯಾಡ್ರಿ" ಎಂದು ಮಹಾದೇವಪ್ಪ ಕಣ್ಣು ಮುಚ್ಚಿಕೊಂಡೇ ಹೇಳಿದ. "ಪ್ರಾರ್ಥನಿ ಮುಗೀಲಿ. ಹೊರಗ ಮಂದಿ ಅದಾರ, ನೋಡ್ಕೋತಾರ."

ಎದ್ದವಳು ಮೋನಮ್ಮ ಒಬ್ಬಳೇ. ಯಾಕೆ ಎದ್ದಳು ಗೊತ್ತೇ? ಬಾಗಿಲು ಮುಚ್ಚಲಿಕ್ಕೆ. ಇಂಥ ಹೊತ್ತಿನಲ್ಲಿ ಗದ್ದಲ ಒಳಗೆ ಬರಬಾರದು ಎಂದು. ಒಂದು ಕದ ಮುಚ್ಚಿದಳು, ಇನ್ನೊಂದು ಕದದ ಮೇಲೆ ಕೈ ಇಟ್ಟಳು. ಚರ್ಚಿನ ಬಾಗಿಲಿನಿಂದ ಕ್ಯಾನಲ್ ಎಂದರೆ ಕೂಗಳತೆ ಕೂಡ ಇಲ್ಲ. ತುಂಬಿ ಹರಿಯುವ ನೀರಿನಲ್ಲಿ ಕುರಿಗಳ ಬೆನ್ನು ತೇಲುತ್ತಿದ್ದವು. ಅವುಗಳ ನಡುವೆ ಒಂದು ಹೆಣ್ಣಿನ ತಲೆ. ಕೂದಲು ಬಿಚ್ಚಿ ಮುಖಕ್ಕೆ ಹತ್ತಿದೆ. ಒಂದು ಕೈ ನೀರಿನ ಮೇಲೆ, ಇನ್ನೊಂದು ಕೈ ಟಗರಿನ ಕೊಂಬಿನಲ್ಲಿ.

ಹೊರಗೆ ನಿಲ್ಲಿಸಿದ ಆ ಹೆಣ್ಣುಮಗಳು.

ಮೋನಮ್ಮನ ಕೈ ಕದದ ಮೇಲೆ ಇದ್ದ ಹಾಗೆಯೇ ಇತ್ತು. ಮುಚ್ಚಿದರೆ ಮುಚ್ಚಬಹುದಿತ್ತು. ಒಳಗಿನ ಯಾರಿಗೂ ಏನೂ ಕಾಣುತ್ತಿರಲಿಲ್ಲ. ಆ ಯೋಚನೆ ಬಂದದ್ದಕ್ಕೇ ಆಕೆಗೆ ನಾಚಿಕೆಯಾಯಿತು. ಮುಚ್ಚಿದ್ದ ಕದವನ್ನೂ ಗೋಡೆಗೆ ಬಡಿಯುವಂತೆ ತಳ್ಳಿ, "ಕುರುಬರಾಕಿ ಕ್ಯಾನಲ್‌ಗೆ ಬಿದ್ದಾಳ, ಏಳ್ರಿ" ಎಂದು ಚೀರಿ ಬರಿಗಾಲಲ್ಲಿ ಓಡಿದಳು.

ನೀರಾವರಿ ಊರಿನವರಿಗೆ ಕ್ಯಾನಲಿನ ಗುಣ ಗೊತ್ತು. ಎರಡೂ ಕಡೆ ಇಳಿಜಾರು ಕಾಂಕ್ರೀಟು, ಅದರ ಮೇಲೆ ಹಸಿರು ಹಾವಸೆ. ಕಾಲಿಟ್ಟರೆ ಜಾರುವುದೊಂದೇ, ಹತ್ತುವ ಮಾತಿಲ್ಲ. ದನ ಕುರಿಗೆ ನೀರು ಕುಡಿಸಲು ಸೇತುವೆಯ ಹತ್ತಿರದ ಮೆಟ್ಟಿಲಿಗೇ ಹೋಗಬೇಕು. ಬಳಿಚಕ್ರದವರಿಗೆ ಇದು ಯಾರು ಹೇಳಬೇಕು? ಅವರಿಗೆ ನೀರು ಎಂದರೆ ಹಳ್ಳ. ಹಳ್ಳದ ದಂಡೆ ಉಸುಕಿನದು, ಇಳಿದವರು ಹತ್ತಿ ಬರಬಹುದು. ವಾರವೆಲ್ಲ ಹಳ್ಳದಲ್ಲಿ ನೀರು ಕುಡಿಸಿದ್ದ ಅಮೋಘಸಿದ್ದ, ಅವತ್ತು ಹತ್ತಿರದ ಕ್ಯಾನಲ್ಲೇ ಸಾಕೆಂದು ಹಿಂಡನ್ನು ಅಲ್ಲೇ ಬಿಟ್ಟಿದ್ದ. ಗಂಟೆ ಕಟ್ಟಿದ ಟಗರು ಮೂತಿ ಚಾಚಿತು, ಜಾರಿತು, ಬಿತ್ತು. ಗಂಟೆಯ ಹಿಂದೆ ಹೋಗುವುದೊಂದೇ ಗೊತ್ತಿದ್ದ ಹಿಂಡು ಸಾಲಾಗಿ ಇಳಿಯಿತು. ಟಗರಿನ ಹಿಂಗಾಲು ಹಿಡಿಯಲು ಹೋದ ಮಲಕಮ್ಮನೂ ಅದರೊಂದಿಗೇ ಹೋದಳು. ಈಜು ಬಾರದ ಅಮೋಘಸಿದ್ದ ದಂಡೆಯ ಮೇಲೆ ಉಳಿದ ಕುರಿಗಳಿಗೆ ಬಡಿಗೆ ಅಡ್ಡ ಹಿಡಿದು, ಹೆಂಡತಿಯ ಹೆಸರು ಹಿಡಿದು ಒದರುತ್ತಿದ್ದ.

ಮುಂದೆ, ಸ್ವಲ್ಪವೇ ಮುಂದೆ, ಸೈಫನ್ ಇತ್ತು. ಅಲ್ಲಿ ಕ್ಯಾನಲ್ ಇಡಿಯಾಗಿ ಹಳ್ಳದ ಕೆಳಗೆ ನುಗ್ಗಿ ಆಚೆ ಏಳುತ್ತದೆ. ಒಳಗೆ ಹೋದ ಎಮ್ಮೆ ಕೂಡ ಜೀವಂತ ಆಚೆ ಎದ್ದದ್ದಿಲ್ಲ.

ಗಂಡಸರು ರುಮಾಲು ಬಿಚ್ಚಿ ಗಂಟು ಹಾಕಿ ಎಸೆದರು. ಮಲಕಮ್ಮ ಹಿಡಿದಳು. ಎಳೆದರು. ಆಕೆಯ ಮೊಣಕಾಲು ಕಾಂಕ್ರೀಟಿಗೆ ತಾಗಿತು, ಜಾರಿತು, ಮತ್ತೆ ನೀರಿಗೆ. ರುಮಾಲು ಹಿಡಿದವರು ಆಕೆಯನ್ನು ಹರಿವಿಗೆ ಬಿಡದೆ ತಡೆಯುತ್ತ ದಂಡೆಗುಂಟ ನಡೆದರು. ತಿಮ್ಮಣ್ಣ ತಾನೇ ಹಿಡಿಯುತ್ತೇನೆಂದು ಇಳಿಯಲು ಹೋಗಿ ಹಾವಸೆಯ ಮೇಲೆ ಕೂತ ಭಂಗಿಯಲ್ಲೇ ಜರ್ರನೆ ಜಾರಿದ. ಅವನನ್ನು ಎಳೆದು ಹಾಕುವುದೇ ಒಂದು ಕೆಲಸವಾಯಿತು. "ಟಗರು ಬಿಡವ್ವ, ಕೊಂಬು ಬಿಡು" ಎಂದು ಕೂಗಿದರೆ ಆಕೆ ತಲೆ ಅಲ್ಲಾಡಿಸುತ್ತಿದ್ದಳು.

"ಕಾಲು ನಿಂದರವಲ್ದು" ಎಂದು ತಿಮ್ಮಣ್ಣ ಅಳುವ ದನಿಯಲ್ಲಿ ಅಂದ. "ಕಾಲು ನಿಂದ್ರಾಕ ಏನರ ಬೇಕು."

ಆ ಮಾತು ಮೋನಮ್ಮನಿಗೆ ತಟ್ಟಿತು. ಕಾಲಿನ ವಿಷಯ ಆಕೆಗಿಂತ ಹೆಚ್ಚು ಯೋಚಿಸಿದವರು ಆ ಊರಲ್ಲಿ ಯಾರಿದ್ದರು? ಬಂದ ದಾರಿಯಲ್ಲೇ ತಿರುಗಿ ಓಡಿದಳು. ಓಡುವಾಗಲೇ ಹಿಡಿ ಹಿಡಿ ಅಕ್ಕಿ ಕಣ್ಣ ಮುಂದೆ ಬಂತು. ಗಂಜಿ ಕುಡಿದು ಗಡಿಗೆ ತುಂಬಿದ ಮನೆಗಳು ಬಂದವು. ದೇವರಿಗೆ ಕೊಟ್ಟದ್ದನ್ನು ವಾಪಸ್ಸು ಎತ್ತಿಕೊಂಡು ಹೋಗುತ್ತಿದ್ದೇನೆ ಎಂಬ ಹೆದರಿಕೆ ಬಂತು. ಕಾಲು ಮಾತ್ರ ನಿಲ್ಲಲಿಲ್ಲ.

ಚರ್ಚಿನಲ್ಲಿ ಹೆಂಗಸರು, ಮುದುಕರು, ಮಹಾದೇವಪ್ಪ, ಅಯ್ಯನವರು ಎದ್ದು ನಿಂತಿದ್ದರು. ಮೋನಮ್ಮ ದಂಡೆಯ ಮಣ್ಣು, ಹಾವಸೆ ಮೆತ್ತಿದ ಕಾಲಲ್ಲೇ ಜಮಖಾನದ ನಡುಮಧ್ಯೆ ನಡೆದು ಬಂದಳು. ಕೆಂಪಿನ ಮೇಲೆ ಹೆಜ್ಜೆ ಮೂಡಿದವು. ಅದನ್ನು ನೋಡಿಯೇ ಹೆಂಗಸರಿಗೆ ಇದು ಸಣ್ಣ ವಿಷಯವಲ್ಲ ಎಂದು ತಿಳಿಯಿತು.

"ಏಳ್ರಿ, ಸರೀರಿ. ಜಮಖಾನಿ ಬೇಕು" ಅಂದಳು.

"ಮ್ಯಾಲ ಮೇಜದ, ಕಣ್ಣು ಕಾಣಂಗಿಲ್ಲೇನ?" ಎಂದು ಮಹಾದೇವಪ್ಪ ಅಡ್ಡ ಬಂದ. "ರೊಟ್ಟಿ ಇಟ್ಟದ. ಆ ಮೇಜು ಮುಟ್ಟಬ್ಯಾಡ ಮೋನಮ್ಮ. ಪ್ರಭುಭೋಜನ ಅರ್ಧಕ್ಕ ನಿಂತದ."

ಮೋನಮ್ಮ ಅಯ್ಯನವರ ಮುಖ ನೋಡಿದಳು. ಮೇಜು ಮುಟ್ಟುವ ಅಧಿಕಾರ ಆಕೆಗಿರಲಿಲ್ಲ, ಅದು ಆಕೆಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಅಯ್ಯನವರು ರೊಟ್ಟಿಯ ಕಡೆ ಒಮ್ಮೆ, ಬಾಗಿಲ ಕಡೆ ಒಮ್ಮೆ ನೋಡಿದರು. ನಿಲುವಂಗಿಯ ತೋಳು ಮೇಲಕ್ಕೆ ಏರಿಸಿದರು.

"ರೊಟ್ಟಿ ಕಾಯ್ತದ ಹಿರಿಯರೇ. ಆಕಿ ಕಾಯಂಗಿಲ್ಲ" ಅಂದರು. "ಮೋನಮ್ಮ, ನೀ ಆ ಕಡಿ ಹಿಡಿ."

ಇಬ್ಬರೂ ಮೇಜನ್ನು ಬಟ್ಟಲು ತುಳುಕದಂತೆ ಎತ್ತಿ ಬರಿಯ ಫರ್ಸಿಯ ಮೇಲಿಟ್ಟರು. ಆಮೇಲೆ ನೋಡಬೇಕಿತ್ತು. ಹೆಂಗಸರು ಸೆರಗು ಬಿಗಿದು ಜಮಖಾನ ಸುತ್ತಿದರು, ಹೆಗಲಿಗೆ ಹಾಕಿದರು, ಬಾಗಿಲಲ್ಲಿದ್ದ ಕೊಡ ಯಾರದೋ ಕಾಲು ತಾಗಿ ಉರುಳಿತು, ನೀರೆಲ್ಲ ಹರಿದುಹೋಯಿತು, ತಿರುಗಿ ನೋಡುವವರಿಲ್ಲ. ಮುಂದೆ ಮೋನಮ್ಮ, ಹಿಂದೆ ಅಯ್ಯನವರು, ನಡುವೆ ಮುದುಕಿಯರು ಸಹ. ಬಾಯಲ್ಲಿ ಯೇಸಪ್ಪನ ಹೆಸರು, ಕಾಲಲ್ಲಿ ಕುದುರೆಯ ಓಟ.

"ಅಲ್ಲಿ ಬ್ಯಾಡ, ಮುಂದ, ಮುಂದ" ಎಂದು ಮೋನಮ್ಮ ಕೈ ಬೀಸಿದಳು. ಮಲಕಮ್ಮ ತೇಲಿ ಬರುವ ದಾರಿಯಲ್ಲಿ ಆಕೆಗಿಂತ ಮುಂದೆ, ಸೈಫನ್ನಿಗೆ ಈಚೆ, ಜಮಖಾನ ಬಿಚ್ಚಿ ಇಳಿಜಾರಿಗೆ ಉರುಳಿಸಿದರು. ನೀಲಿ ಅಂಚು ಹೋಗಿ ನೀರಿಗೆ ಬಿತ್ತು. ಒದ್ದೆಯಾದ ಹತ್ತಿಬಟ್ಟೆ ಹಾವಸೆಗೆ ಅಂಟಿತು. ಆದರೆ ಹರಿವು ಅದನ್ನು ಸೆಳೆಯತೊಡಗಿತು. ಕೈಯಿಂದ ಹಿಡಿದರೆ ನಿಲ್ಲುವ ಭಾರ ಅದಾಗಿರಲಿಲ್ಲ.

"ಕುಂದ್ರಿ" ಎಂದು ಮೋನಮ್ಮ ಕೂಗಿದಳು. "ಎಲ್ಲಾರೂ ಇದರ ಮ್ಯಾಲ ಕುಂದ್ರಿ. ಕಾಲು ಗೀಲು ನೋಡಬ್ಯಾಡ್ರಿ, ಕುಂದ್ರಿ."

ದಂಡೆಯ ಮೇಲಿನ ಅರ್ಧ ಜಮಖಾನದ ಮೇಲೆ ಸಭೆ ಕೂತಿತು. ಕೆಸರು ಕಾಲು, ಚಪ್ಪಲಿ ಕಾಲು, ಎಲ್ಲ ಸಮೇತ. ಅಂಥ ಹೊತ್ತಿನಲ್ಲೂ ರೂಢಿ ಬಿಡಲಿಲ್ಲ, ಗಂಡಸರು ಬಲಕ್ಕೆ, ಹೆಂಗಸರು ಎಡಕ್ಕೆ ಕೂತರು. ಅಯ್ಯನವರು ಬಿಳಿ ನಿಲುವಂಗಿಯಲ್ಲೇ ಮುಂದಿನ ಸಾಲಿನಲ್ಲಿ ಹಿಮ್ಮಡಿ ಊರಿ ಕೂತರು. ಇನ್ನೂ ಜಾರುತ್ತಿತ್ತು. ಅಷ್ಟರಲ್ಲಿ ಮಹಾದೇವಪ್ಪ ಏದುತ್ತ ಬಂದ. ಬಂದವನು ಬೈಯುತ್ತಾನೆ ಎಂದುಕೊಂಡರು. ನೀರಿನಲ್ಲಿದ್ದ ಮುಖ ನೋಡಿದ, ನಟ್ಟನಡುವೆ ದೊಪ್ಪನೆ ಕೂತ. ಜಮಖಾನ ನಿಂತಿತು. ಆ ಹೊಟ್ಟೆಯನ್ನು ನೋಡಿ ಅಷ್ಟು ವರ್ಷ ನಕ್ಕವರೆಲ್ಲ ಅವತ್ತು ಅದಕ್ಕೆ ಕೈ ಮುಗಿಯಬೇಕಿತ್ತು.

ಮೋನಮ್ಮ ಕೂತುಕೊಂಡೇ ಜಮಖಾನದ ಮೇಲೆ ಇಳಿದಳು. ನೀರು ಮೊಣಕಾಲಿಗೆ ಬಂತು. ಕೊರೆಯುವ ತಂಪು. ಮಲಕಮ್ಮ ಹತ್ತಿರ ಬಂದಳು, ಇನ್ನೂ ಹತ್ತಿರ. ಮೋನಮ್ಮ ಕೈ ಚಾಚಿ ಆಕೆಯ ರಟ್ಟೆ ಹಿಡಿದಳು. ಸಿಕ್ಕಿತು.

"ಎಕ್ಕ, ಮೊದಲ ಟಗರು" ಅಂದಳು ಮಲಕಮ್ಮ, ಹಲ್ಲು ಕಟಕಟ ಅನ್ನುತ್ತಿದ್ದವು. "ಟಗರು ಹತ್ತಿದ್ರ ಎಲ್ಲಾ ಹತ್ತತಾವ."

ಹುಚ್ಚಿ ಎಂದುಕೊಂಡಳು ಮೋನಮ್ಮ, ಆದರೆ ವಾದಿಸಲಿಲ್ಲ. ಒಂದು ಕೈ ಆಕೆಯನ್ನು ಬಿಡದೆ, ಇನ್ನೊಂದು ಕೈ ಕೊಂಬಿಗೆ ಹಾಕಿ ಎಳೆದಳು. ಮಲಕಮ್ಮ ಹಿಂದಿನಿಂದ ಭುಜ ಕೊಟ್ಟಳು. ಟಗರಿನ ಗೊರಸು ನೇಯ್ಗೆಗೆ ಸಿಕ್ಕಿತು. ಪರ್ ಎಂದು ಹರಿದ ಸದ್ದು ಮೋನಮ್ಮನ ಕಿವಿಗೇ ಬಂತು. ಹರಿಯಲಿ. ಇನ್ನೊಂದು ಗೊರಸು ಸಿಕ್ಕಿತು. ಟಗರು ಹತ್ತಿತು, ಗಂಟೆ ಬಾರಿಸುತ್ತ ಮಹಾದೇವಪ್ಪನ ತೊಡೆ ತುಳಿದುಕೊಂಡು ಅಯ್ಯನವರ ನಿಲುವಂಗಿಗೆ ಮೈ ಒದರಿ ದಂಡೆಗೆ ಹೋಯಿತು. ಮೇಲಿಂದ ಅಮೋಘಸಿದ್ದ ನಾಲಿಗೆ ಉರುಳಿಸಿ ಹಿಂಡನ್ನು ಕರೆದ. ಕೆಳಗಿನ ಕುರಿಗಳು ಗಂಟೆಯ ಸದ್ದಿಗೆ ಕತ್ತು ಎತ್ತಿದವು, ತಿರುಗಿದವು. ಯಾವ ಗಂಟೆಯ ಹಿಂದೆ ನೀರಿಗೆ ಬಿದ್ದವೋ ಅದೇ ಗಂಟೆಯ ಹಿಂದೆ ಒಂದೊಂದಾಗಿ ಜಮಖಾನ ಹತ್ತಿ, ಸಭೆಯ ಮಡಿಲು, ಹೆಗಲು, ತಲೆ ತುಳಿದು ಮೇಲೆ ಬಂದವು. ಕಡೆಗೆ ಮಲಕಮ್ಮ. ಮೋನಮ್ಮ ಆಕೆಯ ನಡು ಹಿಡಿದು ತನ್ನ ಮೈಮೇಲೆ ಎಳೆದುಕೊಂಡಳು. ಸಭೆ ಇಬ್ಬರನ್ನೂ ಜಮಖಾನ ಸಮೇತ ದಂಡೆಗೆ ಎಳೆಯಿತು.

ಎರಡು ಮರಿಗಳು ಮಾತ್ರ ಸೈಫನ್ ಪಾಲಾದವು. ಮಲಕಮ್ಮ ಆ ಕಡೆಯೇ ನೋಡುತ್ತ ಕೂತಳು. ಆಮೇಲೆ ಅಳತೊಡಗಿದಳು. ಯಾರೋ ನಕ್ಕರು, ಯಾರೋ ಅತ್ತರು, ಅಮೋಘಸಿದ್ದ ಹೆಂಡತಿಗೆ ಕಂಬಳಿ ಹೊದಿಸಿ ಒಬ್ಬೊಬ್ಬರ ಕಾಲಿಗೂ ಬೀಳಲು ಹೋದ. ಮಹಾದೇವಪ್ಪ ಅವನ ತೋಳು ಹಿಡಿದು ನಿಲ್ಲಿಸಿದ.

"ಒಳಗ ಹೋಗೋಣ ನಡ್ರಿ" ಅಂದರು ಅಯ್ಯನವರು. "ರೊಟ್ಟಿ ಕಾಯಾಕತ್ತದ. ಇಬ್ರೂ ಬರ್ರಿ, ಬೆಚ್ಚಗ ಕುಂದ್ರಿ."

ಎಲ್ಲರೂ ಚರ್ಚಿಗೆ ಬಂದರು. ಉರುಳಿದ ಕೊಡ ಬಾಗಿಲಲ್ಲೇ ಬಿದ್ದಿತ್ತು. ಮಲಕಮ್ಮ ಹೊಸ್ತಿಲ ಹೊರಗೆ, ಹೋದ ಭಾನುವಾರ ನಿಂತ ಅದೇ ಜಾಗದಲ್ಲಿ, ನಿಂತಳು. ಕಂಬಳಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ನಾ ಇಲ್ಲೇ ಇರ್ತೀನ ಎಕ್ಕ. ಕಾಲು ಹೊಲಸದಾವ" ಅಂದಳು. ಚುಚ್ಚಿ ಹೇಳಿದ ಮಾತಲ್ಲ. ಆ ಮನೆಯ ರೀತಿ ಅದು ಎಂದು ತಿಳಿದು ಹೇಳಿದ ಮಾತು. ಅದಕ್ಕೇ ಅದು ಮೋನಮ್ಮನಿಗೆ ಎಲ್ಲಿ ಹತ್ತಬೇಕೋ ಅಲ್ಲಿ ಹತ್ತಿತು. ಅಂಗಳದಲ್ಲಿ ಸೆರಗು ಒಡ್ಡಿ ನಿಂತ ತನ್ನ ಅವ್ವ ಕಣ್ಣಿಗೆ ಕಟ್ಟಿದಳು. ಅವ್ವನೂ ಹೀಗೇ, ಸಿಟ್ಟಿಲ್ಲದ ದನಿಯಲ್ಲೇ ಮಾತಾಡುತ್ತಿದ್ದಳು.

ಮೋನಮ್ಮ ಕೊಡವನ್ನು ಕಾಲಿನಿಂದ ಅತ್ತ ಸರಿಸಿ, ಮಲಕಮ್ಮನ ಕೈ ಹಿಡಿದು ಒಳಗೆ ಕರೆದುಕೊಂಡಳು. "ನನ್ನ ಕಾಲು ನೋಡವ್ವ, ನಿನ್ನ ಕಾಲಕಿಂತ ಹೊಲಸದಾವ" ಅಂದಳು. ಆ ದಿನ ಪ್ರಭುಭೋಜನ ಬರಿಯ ಫರ್ಸಿಯ ಮೇಲೆ ನಡೆಯಿತು. ಜಮಖಾನ ಇರಲಿಲ್ಲ, ಮೌನವೂ ಇರಲಿಲ್ಲ. ಹೊರಗೆ ಕುರಿ ಅರಚುತ್ತಿದ್ದವು, ಒಳಗೆ ಎಲ್ಲರೂ ಚಳಿಗೆ ನಡುಗುತ್ತಿದ್ದರು. ಮಲಕಮ್ಮ ಗೋಡೆಗೆ ಒರಗಿ ಬಿಸಿ ಚಹಾ ಕುಡಿಯುತ್ತ ನೋಡಿದಳು. ಮೋನಮ್ಮ ಎಷ್ಟೋ ಸಲ ಆ ರೊಟ್ಟಿ ತಿಂದವಳು, ಅಷ್ಟು ಖುಷಿ ಆಕೆಗೆ ಹಿಂದೆಂದೂ ಆಗಿರಲಿಲ್ಲ.

ಮರುದಿನ ಜಮಖಾನ ದಂಡೆಯ ಬೇವಿನ ಮರಕ್ಕೆ ಒಣಗಲು ಬಿದ್ದಿತ್ತು. ಗೊರಸಿನ ತೂತು, ಹಾವಸೆಯ ಹಸಿರು, ಹರಿದ ಅಂಚು. ಒಗೆದು ಹೊಲಿದರೆ ನಡೆಯುತ್ತದೆ ಎಂದರು ಹೆಂಗಸರು. ಮೋನಮ್ಮ ಕುಡುಗೋಲು ತಂದು ಅದನ್ನು ನಡುವಿಗೆ ಎರಡು ಮಾಡಿದಳು. ಮಹಾದೇವಪ್ಪ ಏದುತ್ತ ಹತ್ತಿರ ಬಂದ.

"ದೇವರಿಗೆ ಕೊಟ್ಟದ್ದು ಕೊಯ್ತಿಯೇನವ್ವ?"

"ಹೌದ್ರಿ ಕಾಕಾ. ಅರ್ಧ ಚರ್ಚಿನಾಗ ಇರ್ಲಿ. ಅರ್ಧ ಇಲ್ಲೇ ಬೇವಿನ ಬುಡಕ ಇರ್ಲಿ. ನಾಳಿ ಮತ್ಯಾರರ ಬಿದ್ರ ಮೇಜು ಸರ್ಸಾಕ ಹೊತ್ತಿರ್ತದೇನ್ರಿ?"

ಮಹಾದೇವಪ್ಪ ಸಂಜೆಗೆ ತಾನೇ ಒಂದು ಕಬ್ಬಿಣದ ಗೂಟ ತಂದು ದಂಡೆಗೆ ಹೊಡೆದ, ಜಮಖಾನದ ತುದಿಗೆ ಹಗ್ಗ ಕಟ್ಟಿಕೊಟ್ಟ. ಆ ಗೂಟ ಇವತ್ತಿಗೂ ಇದೆ. ಎಷ್ಟು ಜೀವ ಅದನ್ನು ಹಿಡಿದು ಹತ್ತಿವೆ ಎಂದು ಯಾರೂ ಲೆಕ್ಕ ಇಟ್ಟಿಲ್ಲ.

ಅರ್ಧ ಜಮಖಾನದಲ್ಲಿ ಇಡೀ ಸಭೆ ಹಿಡಿಸುವುದಿಲ್ಲ. ಹೊಸದು ಕೊಳ್ಳೋಣ ಎಂದು ಎಷ್ಟೋ ಸಲ ಮಾತು ಬಂತು, ಮೋನಮ್ಮ ಒಪ್ಪಲಿಲ್ಲ. ಪ್ರತಿ ಸಂಕ್ರಾಂತಿಗೆ ಬಳಿಚಕ್ರದ ಹಿಂಡು ಬರುತ್ತದೆ. ಮಲಕಮ್ಮ ಮೊದಲು ಬೇವಿನ ಬುಡಕ್ಕೆ ಹೋಗಿ, ಅಲ್ಲಿನ ತುಂಡು ಬಿಚ್ಚಿ ಒದರಿ, ಇಲಿ ಕಡಿದಲ್ಲಿ ಕುರಿ ಉಣ್ಣೆಯ ನೂಲಿನಿಂದ ಹೊಲಿದು ಮತ್ತೆ ಸುತ್ತಿಡುತ್ತಾಳೆ. ಆಮೇಲೆ ಚರ್ಚಿಗೆ ಬರುತ್ತಾಳೆ. ಕಂಬಳಿ ಹೆಗಲಲ್ಲೇ ಇರುತ್ತದೆ, ಕಂಕುಳಲ್ಲಿ ಮರಿ ಇದ್ದರೆ ಮರಿಯೂ ಇರುತ್ತದೆ. ಜಮಖಾನದ ಮೇಲೆ ಜಾಗ ಮಾಡಿಕೊಟ್ಟು ಆಕೆಯನ್ನು ಕೂರಿಸುವವಳು ಮೋನಮ್ಮ. ಕೂರಿಸಿ, ತಾನು ಬಾಗಿಲ ಪಕ್ಕ ಕೊಡ ಇರುತ್ತಿದ್ದ ಜಾಗದಲ್ಲಿ ಫರ್ಸಿಯ ಮೇಲೆ ಕೂರುತ್ತಾಳೆ. ಎರಡೂ ಕದ ತೆರೆದಿರುತ್ತವೆ. ಪ್ರಾರ್ಥನೆಯಲ್ಲಿ ಎಲ್ಲರೂ ಕಣ್ಣು ಮುಚ್ಚುತ್ತಾರೆ, ಮೋನಮ್ಮ ಕ್ಯಾನಲ್ ನೋಡುತ್ತ ಕೂತಿರುತ್ತಾಳೆ.